ಕುಟುಂಬ ನ್ಯಾಯಾಲಯದಲ್ಲಿ ರಾಜಿ: ಗಡಿನಾಡಿನ ಕಕ್ಷಿದಾರರು ತಿಳಿದಿರಬೇಕಾದದ್ದು

(ಕಾಸರಗೋಡಿನಲ್ಲಿ ನಡೆದ ಕಾನೂನು ಮಾಹಿತಿ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಸಭಿಕರೇ,

ಕುಟುಂಬ ನ್ಯಾಯಾಲಯದಲ್ಲಿ ರಾಜಿ ಮಾಡಿಸುತ್ತಾರೆ ಎಂದರೆ ಗಂಡ ಹೆಂಡಿರಿಗೆ ಬುದ್ಧಿ ಹೇಳಿ ಮತ್ತೆ ಒಂದೇ ಮನೆಗೆ ಕಳುಹಿಸುತ್ತಾರೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಈ ತಿಳಿವಳಿಕೆಯಿಂದ ಎರಡು ಬಗೆಯ ಹಾನಿಯಾಗುತ್ತಿದೆ. ಪೆಟ್ಟು ತಿಂದು ತವರಿಗೆ ಬಂದ ಹೆಣ್ಣುಮಗಳು, ನ್ಯಾಯಾಲಯಕ್ಕೆ ಹೋದರೆ ಪುನಃ ಅದೇ ಮನೆಗೆ ಕಳುಹಿಸಿಯಾರು ಎಂದು ಹೆದರಿ ಜೀವನಾಂಶವನ್ನೂ ಕೇಳದೆ ಕುಳಿತುಬಿಡುತ್ತಾಳೆ. ಬೇರೆಯಾಗುವುದೇ ಸರಿ ಎಂದು ಆಗಲೇ ತೀರ್ಮಾನಿಸಿದವರು ಸಮಾಲೋಚಕರ ಕೋಣೆಗೆ ಹೋಗುವುದನ್ನು ವಾಯಿದೆ ಕಳೆಯುವ ಶಾಸ್ತ್ರವೆಂದು ಬಗೆದು, ಅಲ್ಲಿ ಇತ್ಯರ್ಥವಾಗಬಹುದಾಗಿದ್ದ ಹತ್ತು ವಿಷಯಗಳನ್ನು ವರ್ಷಗಟ್ಟಲೆ ಎಳೆದುಕೊಂಡು ಹೋಗುತ್ತಾರೆ. ಈ ನ್ಯಾಯಾಲಯದ ರಾಜಿಗೆ ಒಂದಾಗಿ ಬಾಳುವುದು ಒಂದು ದಾರಿ; ಗೌರವದಿಂದ ಬೇರೆಯಾಗುವುದು ಅಷ್ಟೇ ಸರಿಯಾದ ಇನ್ನೊಂದು ದಾರಿ. ಯಾವ ದಾರಿಯಾದರೂ, ಆದ ಒಪ್ಪಂದವು ಇಬ್ಬರಿಗೂ ಅರ್ಥವಾಗಿರಬೇಕು ಮತ್ತು ಮರುದಿನದಿಂದ ನಡೆಸಲು ಸಾಧ್ಯವಾಗುವಂತಿರಬೇಕು. ಹಲವು ವರ್ಷ ಈ ಊರಿನ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡಿದ ಮೇಲೆ ನನಗೆ ದೃಢವಾದ ಅಭಿಪ್ರಾಯ ಇದು.

ಕುಟುಂಬದ ವ್ಯಾಜ್ಯಗಳಿಗೆ ಬೇರೆಯದೇ ನ್ಯಾಯಾಲಯ ಬೇಕೆಂಬ ವಿಚಾರವನ್ನು ನಮ್ಮ ದೇಶದಲ್ಲಿ ಬಲವಾಗಿ ಮುಂದಿಟ್ಟವರಲ್ಲಿ ದುರ್ಗಾಬಾಯಿ ದೇಶಮುಖ್ ಮೊದಲಿಗರು. 1953ರಲ್ಲಿ ಚೀನಾ ಪ್ರವಾಸ ಮಾಡಿ, ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನು ಕಂಡು ಬಂದ ಅವರು ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರೊಂದಿಗೂ ಪ್ರಧಾನಿ ನೆಹರೂ ಅವರೊಂದಿಗೂ ಈ ಬಗ್ಗೆ ಚರ್ಚಿಸಿದ್ದರು. ಕಾನೂನು ಆಯೋಗವು 1974ರ ತನ್ನ 59ನೇ ವರದಿಯಲ್ಲಿ, ಕುಟುಂಬದ ತಕರಾರನ್ನು ನೋಡುವ ರೀತಿ ಸಾಮಾನ್ಯ ಸಿವಿಲ್ ದಾವೆಯನ್ನು ನೋಡುವ ರೀತಿಗಿಂತ ಬುಡದಿಂದಲೇ ಬೇರೆಯಾಗಿರಬೇಕೆಂದು ಹೇಳಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ, ಕುಟುಂಬದ ದಾವೆಗಳನ್ನು ನಡೆಸುವ ರೀತಿಯನ್ನು ಹೇಳುವ 32ಎ ಆದೇಶವನ್ನು ಸೇರಿಸಿದರೂ ನ್ಯಾಯಾಲಯಗಳ ದಿನಚರಿ ಬದಲಾಗಲಿಲ್ಲ. ಮಹಿಳಾ ಸಂಘಟನೆಗಳ ಒತ್ತಾಯ ಮುಂದುವರಿದು ಕೊನೆಗೆ 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂತು. ನಮ್ಮ ಕಾಸರಗೋಡು ಜಿಲ್ಲೆ ರೂಪುಗೊಂಡದ್ದೂ ಅದೇ ವರ್ಷದ ಮೇ ತಿಂಗಳಲ್ಲಿ.

ಈ ಕಾಯ್ದೆಯ 9ನೇ ಕಲಮನ್ನು ನೀವೆಲ್ಲರೂ ತಿಳಿದಿರಬೇಕು. ಪ್ರಕರಣದ ಸ್ವರೂಪಕ್ಕೂ ಪರಿಸ್ಥಿತಿಗೂ ಹೊಂದುವ ಮಟ್ಟಿಗೆ, ಕಕ್ಷಿದಾರರು ಒಂದು ಇತ್ಯರ್ಥಕ್ಕೆ ಬರುವಂತೆ ಮೊದಲ ಹಂತದಲ್ಲೇ ನೆರವಾಗುವುದು ನ್ಯಾಯಾಲಯದ ಕರ್ತವ್ಯವೆಂದು ಅದು ಹೇಳುತ್ತದೆ. ವಿಚಾರಣೆ ಯಾವ ಹಂತದಲ್ಲಿದ್ದರೂ ಇತ್ಯರ್ಥದ ಸಾಧ್ಯತೆ ಕಂಡುಬಂದರೆ ನ್ಯಾಯಾಧೀಶರು ಪ್ರಕರಣವನ್ನು ಮುಂದೂಡಿ ಅದಕ್ಕೆ ಅವಕಾಶ ಮಾಡಿಕೊಡಬಹುದು. ಸಾಕ್ಷಿ ವಿಚಾರಣೆ ಪ್ರಾರಂಭವಾಯಿತು, ಇನ್ನು ಮಾತುಕತೆಯ ಬಾಗಿಲು ಮುಚ್ಚಿತು ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಈ ಉದ್ದೇಶಕ್ಕಾಗಿ ನ್ಯಾಯಾಲಯವು ತನ್ನದೇ ಕಾರ್ಯವಿಧಾನವನ್ನು ರೂಪಿಸಿಕೊಳ್ಳಲು 10ನೇ ಕಲಮು ಅನುಮತಿಸುತ್ತದೆ. ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ಸಾಕು, 11ನೇ ಕಲಮಿನ ಪ್ರಕಾರ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲೇಬೇಕು. ವಕೀಲರ ಮೂಲಕವೇ ವಾದಿಸುವುದು ಇಲ್ಲಿ ಯಾರ ಹಕ್ಕೂ ಅಲ್ಲವೆಂದು 13ನೇ ಕಲಮು ಹೇಳುತ್ತದೆಯಾದರೂ ರೂಢಿಯಲ್ಲಿ ಅನುಮತಿ ಪಡೆದು ವಕೀಲರು ಹಾಜರಾಗುತ್ತಾರೆ. ವಕೀಲನಾಗಿದ್ದುಕೊಂಡೇ ಹೇಳುತ್ತೇನೆ, ಆ ಕಲಮಿನ ಹಿಂದಿನ ಕಾಳಜಿ ನ್ಯಾಯವಾದದ್ದು: ಕಕ್ಷಿದಾರನ ಮಾತು ಕಕ್ಷಿದಾರನ ಬಾಯಿಂದಲೇ ನ್ಯಾಯಾಧೀಶರಿಗೆ ಕೇಳಬೇಕು.

ಇನ್ನು ಸಮಾಲೋಚಕರ ವಿಚಾರ. 6ನೇ ಕಲಮಿನಡಿ ರಾಜ್ಯ ಸರಕಾರವು ಹೈಕೋರ್ಟಿನೊಂದಿಗೆ ಸಮಾಲೋಚಿಸಿ ಇವರ ವ್ಯವಸ್ಥೆ ಮಾಡುತ್ತದೆ. ಅದಲ್ಲದೆ ಕೇರಳದಲ್ಲಿ ಹೈಕೋರ್ಟಿನ ಆಶ್ರಯದಲ್ಲಿರುವ ಮಧ್ಯಸ್ಥಿಕೆ ಕೇಂದ್ರಗಳಿಗೂ ಪ್ರಕರಣಗಳನ್ನು ಕಳುಹಿಸುವುದುಂಟು. ಸಮಾಲೋಚಕರು ತೀರ್ಪು ಕೊಡುವವರಲ್ಲ. ಸಾಮಾನ್ಯವಾಗಿ ಅವರು ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಕೂರಿಸಿ ಕೇಳುತ್ತಾರೆ, ಬಳಿಕ ಒಟ್ಟಿಗೆ ಕೂರಿಸುತ್ತಾರೆ, ಬೇಕಾದರೆ ತಂದೆ ತಾಯಿಯರನ್ನು ಕರೆಸುತ್ತಾರೆ, ಎಷ್ಟೋ ಸಲ ಅವರನ್ನು ಹೊರಗೇ ಕೂರಿಸುತ್ತಾರೆ. ಒಳಗೆ ಆಡಿದ ಮಾತನ್ನು ಮುಂದೆ ತನ್ನ ವಿರುದ್ಧ ಸಾಕ್ಷ್ಯವಾಗಿ ಬಳಸಿಯಾರು ಎಂಬ ಅಂಜಿಕೆ ಹಲವರಿಗಿದೆ. ರಾಜಿ ಮಾತುಕತೆಯ ಗೌಪ್ಯತೆಯನ್ನು ನ್ಯಾಯಾಲಯಗಳು ಗಟ್ಟಿಯಾಗಿ ಕಾಪಾಡಿಕೊಂಡು ಬಂದಿವೆ. ಸಂಧಾನ ಮುರಿದುಬಿದ್ದರೆ ಮಧ್ಯಸ್ಥರು ಅಷ್ಟನ್ನೇ ವರದಿ ಮಾಡಬೇಕು, ಯಾರು ಏನೆಂದರು ಎಂಬುದನ್ನು ಬರೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿನ ಪಾಲನೆಯ ಪ್ರಶ್ನೆ ಬಂದಾಗ ಮಾತ್ರ, ಮಗುವಿನ ಮನಸ್ಸನ್ನು ಅರಿಯಲು ನ್ಯಾಯಾಲಯವು ಸಮಾಲೋಚಕರ ವರದಿಯನ್ನು ನೋಡಬಹುದೆಂದು 2019ರ ಪೆರಿ ಕನ್ಸಾಗ್ರಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಈ ವಿನಾಯಿತಿ ಮಗುವಿನ ಹಿತಕ್ಕಾಗಿ ಇರುವಂಥದ್ದು, ಮತ್ತು ಅದು ಸರಿಯೆಂದೇ ನನಗೆ ಅನಿಸುತ್ತದೆ.

ಒಳ್ಳೆಯ ಸಮಾಲೋಚನೆ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಜಿಲ್ಲೆಯ ಕುಟುಂಬ ವ್ಯಾಜ್ಯಗಳಲ್ಲಿ ಬಂಗಾರದ ತಕರಾರು ಇಲ್ಲದ್ದು ಕಡಿಮೆ. ಈ ಪ್ರಕರಣದಲ್ಲಿ ಹೆಣ್ಣಿನ ಕಡೆಯವರು ಮದುವೆಯ ದಿನ ಮೈಮೇಲಿದ್ದದ್ದು ಐವತ್ತು ಪವನು ಎಂದರು. ಗಂಡಿನ ಕಡೆಯವರು ಮೂವತ್ತೂ ಇರಲಿಲ್ಲ ಎಂದರು. ಎರಡು ವಾಯಿದೆಗಳು ಈ ಐವತ್ತು ಮೂವತ್ತರ ಚರ್ಚೆಯಲ್ಲೇ ಕಳೆದವು. ಮೂರನೆಯ ಸಲ ಸಮಾಲೋಚಕಿ ಲೆಕ್ಕದ ಮಾತನ್ನೇ ಬಿಟ್ಟು, ಮದುವೆಯ ಆಲ್ಬಮ್ ತರಿಸಿ, ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಒಡವೆಗಳನ್ನು ಒಂದೊಂದಾಗಿ ಬರೆದರು: ಈ ಸರ ಯಾರು ಕೊಟ್ಟದ್ದು, ಈಗ ಎಲ್ಲಿದೆ, ಈ ನಾಲ್ಕು ಬಳೆ ಯಾವ ಬ್ಯಾಂಕಿನಲ್ಲಿ ಅಡವಿದೆ, ಅಡವಿಟ್ಟ ಹಣ ಯಾವುದಕ್ಕೆ ಹೋಯಿತು, ಈ ಒಡ್ಯಾಣ ಬಾಡಿಗೆಯದ್ದೋ ಸ್ವಂತದ್ದೋ. ಹಾಳೆ ತುಂಬುವ ಹೊತ್ತಿಗೆ, ಬಳೆಗಳನ್ನು ಅಡವಿಟ್ಟದ್ದು ಗಂಡನ ತಂಗಿಯ ಮದುವೆಯ ಖರ್ಚಿಗೆಂದೂ, ಹೆಂಡತಿ ಅದಕ್ಕೆ ಒಪ್ಪಿಯೇ ಕೊಟ್ಟಿದ್ದಳೆಂದೂ, ಬಿಡಿಸಿಕೊಡುತ್ತೇನೆಂದು ಹೇಳಿ ಮರೆತದ್ದೇ ಅವಳ ಮನಸ್ಸನ್ನು ಕೆಡಿಸಿತೆಂದೂ ಇಬ್ಬರ ಬಾಯಿಂದಲೂ ಬಂತು. ಅವರು ಮತ್ತೆ ಒಂದಾಗಲಿಲ್ಲ. ಆದರೆ ಯಾವ ಒಡವೆ ಯಾವ ದಿನಾಂಕದೊಳಗೆ ವಾಪಸಾಗಬೇಕು, ಅಡವಿನಲ್ಲಿರುವುದನ್ನು ಬಿಡಿಸದಿದ್ದರೆ ಅಂದಿನ ಮಾರುಕಟ್ಟೆ ದರದಲ್ಲಿ ಎಷ್ಟು ಹಣ ಕೊಡಬೇಕು ಎಂಬುದು ಲಿಖಿತವಾಯಿತು, ಹಾಗೂ ಅದರಂತೆ ನಡೆಯಿತು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನ ಮನೆಯವರ ಕೈಯಲ್ಲಿದ್ದರೂ ಅವರು ಅದರ ಮಾಲೀಕರಾಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಆ ಹಕ್ಕು ಕೈಗೆ ಬರಬೇಕಾದರೆ ಇಂಥ ಪಟ್ಟಿ ಬೇಕಾಗುತ್ತದೆ.

ಮಕ್ಕಳ ಭೇಟಿಯ ವಿಚಾರದಲ್ಲೂ ಇದೇ ಮಾತು. ಗಡಿಯ ಎರಡೂ ಬದಿಗಳಲ್ಲಿ ಹಂಚಿಹೋದ ಕುಟುಂಬಗಳ ಒಪ್ಪಂದಗಳಲ್ಲಿ ನಾನು ಪದೇ ಪದೇ ಕಾಣುವ ಒಂದು ದೋಷವನ್ನು ಹೇಳುತ್ತೇನೆ. ತಂದೆ ಪುತ್ತೂರಿನವನು, ತಾಯಿ ಬದಿಯಡ್ಕದವಳು, ಮಗು ತಾಯಿಯೊಂದಿಗೆ ಇಲ್ಲಿನ ಶಾಲೆಗೆ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ದಸರಾ ರಜೆಯನ್ನು ಮಗು ತಂದೆಯೊಂದಿಗೆ ಕಳೆಯತಕ್ಕದ್ದು ಎಂದು ಬರೆದು ಸಹಿ ಮಾಡುತ್ತಾರೆ. ತಂದೆಯ ಮನಸ್ಸಿನಲ್ಲಿರುವುದು ಕರ್ನಾಟಕದ ಶಾಲೆಗಳ ದೀರ್ಘ ದಸರಾ ರಜೆ. ಕೇರಳದ ಶಾಲೆಗೆ ಆಗ ಸಿಗುವುದು ಪೂಜೆಯ ಕೆಲವೇ ದಿನ, ಇಲ್ಲಿನ ಮಧ್ಯಾವಧಿಯ ದೊಡ್ಡ ರಜೆ ಓಣಂನದ್ದು. ಅಕ್ಟೋಬರಿನಲ್ಲಿ ತಂದೆ ಬಂದು ನಿಲ್ಲುತ್ತಾನೆ, ತಾಯಿ ಶಾಲೆ ತಪ್ಪಿಸಲಾಗದು ಎನ್ನುತ್ತಾಳೆ, ಒಪ್ಪಂದ ಮುರಿದಳೆಂದು ಅರ್ಜಿ ಬೀಳುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ಯಾವ ಶಾಲೆಯ ಯಾವ ರಜೆ, ಎಷ್ಟು ಗಂಟೆಗೆ ಕರೆದೊಯ್ಯುವುದು, ಎಲ್ಲಿ ಒಪ್ಪಿಸುವುದು, ಮಗುವಿಗೆ ಜ್ವರವಿದ್ದರೆ ಬದಲಿ ದಿನ ಯಾವುದು, ವಾರದ ನಡುವೆ ಫೋನಿನಲ್ಲಿ ಯಾವಾಗ ಮಾತು ಎಂಬುದನ್ನು ಬರೆದಿದ್ದರೆ ಆ ಅರ್ಜಿಯೇ ಬೇಕಿರಲಿಲ್ಲ. ಮಗು ಬೆಳೆದಂತೆ ಅದರ ಅಗತ್ಯ ಬದಲಾಗುವುದರಿಂದ ಪಾಲನೆಯ ಕುರಿತಾದ ಒಪ್ಪಂದ ಯಾವತ್ತೂ ಅಂತಿಮವಲ್ಲ, ಅದನ್ನು ಮಾರ್ಪಡಿಸಲು ನ್ಯಾಯಾಲಯವನ್ನು ಕೇಳಬಹುದು. ಹಾಗೆಯೇ, ಮಗುವಿನ ಜೀವನಾಂಶದ ಹಕ್ಕನ್ನು ತಾಯಿ ತನ್ನ ರಾಜಿಯಲ್ಲಿ ಬಿಟ್ಟುಕೊಡಲು ಬರುವುದಿಲ್ಲ, ಯಾಕೆಂದರೆ ಅದು ಅವಳದ್ದಲ್ಲ, ಮಗುವಿನದ್ದು.

ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಂಡತಿ ತಾನು ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಿಸಬಹುದು. ಅಷ್ಟರಲ್ಲಿ ಗಂಡ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಬೇರೊಂದು ಅರ್ಜಿ ಹಾಕಿರುತ್ತಾನೆ. ಎರಡೂ ಒಂದೇ ರಾಜ್ಯದಲ್ಲಿದ್ದರೆ ವರ್ಗಾವಣೆ ಹೈಕೋರ್ಟಿನಲ್ಲಿ ಆಗುತ್ತದೆ. ರಾಜ್ಯ ಬೇರೆಯಾದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ತಲಪಾಡಿ ದಾಟಿದರೆ ಸಿಗುವ ಊರಿನ ಪ್ರಕರಣಕ್ಕಾಗಿ ದೆಹಲಿಯಲ್ಲಿ ವಕೀಲರನ್ನು ನೇಮಿಸುವುದು ನಮ್ಮ ಸಾಮಾನ್ಯ ಕುಟುಂಬಗಳಿಗೆ ಎಷ್ಟು ಭಾರವೆಂದು ನಾನು ವಿವರಿಸಬೇಕಾಗಿಲ್ಲ. ಹೀಗಿರುವಾಗ, ಎರಡು ಕಡೆ ಎರಡು ಪ್ರಕರಣಗಳಿರುವ ದಂಪತಿಗಳು ಯಾವುದಾದರೂ ಒಂದು ನ್ಯಾಯಾಲಯದ ಮಧ್ಯಸ್ಥಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೀರಿಸಿಕೊಂಡು, ಉಳಿದ ಪ್ರಕರಣಗಳನ್ನು ಯಾವ ದಿನಾಂಕದೊಳಗೆ ಹಿಂತೆಗೆದುಕೊಳ್ಳಬೇಕು ಎಂಬುದನ್ನು ಅದೇ ಒಪ್ಪಂದದಲ್ಲಿ ಬರೆಸುವುದು ಜಾಣತನ. ಕೊಲ್ಲಿ ದೇಶಗಳಲ್ಲಿ ದುಡಿಯುವವರ ವಿಚಾರದಲ್ಲಿ, 2017ರ ಸಂತಿನಿ ಪ್ರಕರಣದ ಬಹುಮತದ ತೀರ್ಪು ರಾಜಿ ಪ್ರಯತ್ನ ವಿಫಲವಾದ ಮೇಲಷ್ಟೇ ವಿಡಿಯೋ ವಿಚಾರಣೆಗೆ ಅವಕಾಶವಿತ್ತಿತ್ತು. ಕೋವಿಡ್ ಕಾಲದ ಬಳಿಕ ವಿಡಿಯೋ ಸಂಪರ್ಕದ ಬಳಕೆ ಬಹಳ ವಿಸ್ತರಿಸಿದೆ. ಆದರೂ ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ಎದುರೆದುರು ಕುಳಿತು ಮಾತಾಡಿದ್ದರಿಂದ ಆಗುವ ಕೆಲಸ ಪರದೆಯ ಮೇಲೆ ಆಗುವುದು ಕಷ್ಟವೆಂದೇ ನಾನು ಕಂಡುಕೊಂಡಿದ್ದೇನೆ.

ಭಾಷೆಯ ವಿಷಯವನ್ನು ಹೇಳದೆ ಈ ಉಪನ್ಯಾಸ ಪೂರ್ತಿಯಾಗದು. ನಮ್ಮ ನ್ಯಾಯಾಲಯಗಳ ದಿನನಿತ್ಯದ ವ್ಯವಹಾರ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಮನೆಗಳಲ್ಲಿ ಜಗಳ ಆಗುವುದು ತುಳುವಿನಲ್ಲಿ, ಹವ್ಯಕ ಕನ್ನಡದಲ್ಲಿ, ಕೊಂಕಣಿಯಲ್ಲಿ, ಮರಾಟಿಯಲ್ಲಿ ಅಥವಾ ಬ್ಯಾರಿಯಲ್ಲಿ. ಓದು ಬರಹ ಕನ್ನಡದಲ್ಲಿ. ಆಸ್ತಿಯ ದಾವೆಯಲ್ಲಿ ವಕೀಲರು ಭಾಷಾಂತರಿಸಿ ಹೇಳಿದರೆ ಒಂದು ಮಟ್ಟಿಗೆ ನಡೆದೀತು. ಅತ್ತೆ ತನಗೆ ಏನು ಹೇಳಿದರು, ಅದು ಏಕೆ ಸಹಿಸಲಾಗಲಿಲ್ಲ ಎಂಬುದನ್ನು ಹೆಣ್ಣುಮಗಳೊಬ್ಬಳು ಅರ್ಧ ಬರುವ ಭಾಷೆಯಲ್ಲಿ ವಿವರಿಸಲು ಹೊರಟರೆ ಅವಳು ಮೂರು ವಾಕ್ಯಕ್ಕೆ ಸುಮ್ಮನಾಗುತ್ತಾಳೆ, ಮಲಯಾಳ ಚೆನ್ನಾಗಿ ಬಲ್ಲ ಎದುರುದಾರನ ಮಾತೇ ಕೋಣೆಯಲ್ಲಿ ಉಳಿಯುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಸರಕಾರಿ ಕಚೇರಿಗಳೊಂದಿಗಿನ ಪತ್ರ ವ್ಯವಹಾರದಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಬಳಸುವ ಅವಕಾಶ ಕೊಟ್ಟಿದೆ. ಸಾಕ್ಷಿ ನುಡಿದದ್ದನ್ನು ಬೇರೆ ಭಾಷೆಯಲ್ಲಿ ಬರೆದುಕೊಂಡರೆ, ಸಾಕ್ಷಿಗೆ ಅರ್ಥವಾಗದಿದ್ದಾಗ ಅದನ್ನು ಅವರ ಭಾಷೆಯಲ್ಲಿ ವಿವರಿಸಿ ಹೇಳಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಸಮಾಲೋಚನೆಗೆ ಕನ್ನಡ ಅಥವಾ ತುಳು ಬಲ್ಲವರು ಬೇಕೆಂದು ಮೊದಲ ದಿನವೇ ನ್ಯಾಯಾಧೀಶರಲ್ಲಿ ವಿನಂತಿಸಿಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದರ ಪ್ರತಿಯೊಂದು ಷರತ್ತನ್ನೂ ನಿಮ್ಮ ಭಾಷೆಯಲ್ಲಿ ಓದಿಸಿ ಕೇಳಿಕೊಳ್ಳಿ. ಅರ್ಥವಾಗದ ಕಾಗದಕ್ಕೆ ಬಿದ್ದ ಸಹಿಯಿಂದ ಆರಂಭವಾದ ಹೊಸ ವ್ಯಾಜ್ಯಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನ್ಯಾಯಾಲಯಕ್ಕೆ ಬರುವ ಮೊದಲು ನಮ್ಮಲ್ಲಿ ಪಂಚಾತಿಕೆ ನಡೆಯುತ್ತದೆ. ಕೆಲವರಲ್ಲಿ ಗುರಿಕಾರರು, ಕೆಲವರಲ್ಲಿ ಜಮಾಅತಿನ ಹಿರಿಯರು, ಕೆಲವರಲ್ಲಿ ಚರ್ಚಿನ ಪಾದ್ರಿಗಳು ಕುಳಿತು ಮಾತಾಡಿಸುತ್ತಾರೆ. ಈ ಹಿರಿಯರಲ್ಲಿ ಎಷ್ಟೋ ಮಂದಿಯ ಸದ್ಭಾವನೆಯಿಂದ ಎಷ್ಟೋ ಸಂಸಾರಗಳು ಉಳಿದಿವೆ ಎಂಬುದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಅಪಾಯ ಬರುವುದು ಛಾಪಾಕಾಗದ ಹೊರಬಂದಾಗ. ನಾವಿಬ್ಬರೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿ ವಾಸಿಸುತ್ತೇವೆ ಎಂದು ಅದರಲ್ಲಿ ಒಂದು ವಾಕ್ಯ ಬರೆಸುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿ ಬಾಳುವ ಹೆಂಡತಿಗೆ ಆ ಕಲಮಿನಡಿ ಜೀವನಾಂಶವಿಲ್ಲವೆಂದು ಹೇಳುತ್ತದೆ. ಹೊಡೆತ ತಾಳಲಾರದೆ ಬಂದವಳ ಜೀವನಾಂಶಕ್ಕೆ ಆ ಒಂದು ವಾಕ್ಯ ಅಡ್ಡ ಬರುತ್ತದೆ. ಛಾಪಾಕಾಗದದ ವಿಚ್ಛೇದನದ ಪರಿಣಾಮ ಇನ್ನೂ ಗಂಭೀರ. ಸಮುದಾಯದಲ್ಲಿ ಅಂಥ ಬಿಡುಗಡೆಯ ರೂಢಿ ಹಿಂದಿನಿಂದ ಇದೆಯೆಂದು ರುಜುವಾದರೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಅದನ್ನು ಉಳಿಸಿಕೊಟ್ಟಿದೆ. ರುಜುವಾಗದಿದ್ದರೆ ಮೊದಲ ಮದುವೆ ಊರ್ಜಿತದಲ್ಲೇ ಇರುತ್ತದೆ, ಎರಡನೆಯ ಮದುವೆ ಅನೂರ್ಜಿತವಾಗುವುದರ ಜೊತೆಗೆ ಅಪರಾಧವೂ ಆಗುತ್ತದೆ. ಹಿರಿಯರಲ್ಲಿ ನನ್ನ ಕೋರಿಕೆ ಏನೆಂದರೆ, ಮಾತುಕತೆ ನೀವೇ ಮುಗಿಸಿ, ಕಾಗದವನ್ನು ಮಾತ್ರ ನ್ಯಾಯಾಲಯದ ಮೂಲಕ ಆಗಲು ಬಿಡಿ.

ಒಪ್ಪಿ ಬೇರೆಯಾಗುವ ದಾರಿ ಒಂದೊಂದು ವೈಯಕ್ತಿಕ ಕಾನೂನಿನಲ್ಲಿ ಒಂದೊಂದು ರೀತಿ. ಹಿಂದೂಗಳಿಗೆ ಹಿಂದೂ ವಿವಾಹ ಕಾಯ್ದೆಯಲ್ಲಿ 1976ರಲ್ಲಿ ಬಂದ 13ಬಿ ಕಲಮು ಇದೆ: ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿದ ಮೇಲೆ ಜಂಟಿ ಅರ್ಜಿ, ಆರು ತಿಂಗಳ ಬಳಿಕ ಎರಡನೆಯ ಹಂತ. ಆ ಆರು ತಿಂಗಳು ಯೋಚನೆಗೆಂದು ಕೊಟ್ಟ ಕಾಲ. ರಾಜಿಯ ಪ್ರಯತ್ನಗಳೆಲ್ಲ ಮುಗಿದು, ಹಣ ಒಡವೆ ಮಕ್ಕಳ ವಿಚಾರ ನಿಜವಾಗಿ ತೀರಿ, ಇನ್ನು ಕಾಯುವುದು ನೋವನ್ನಷ್ಟೇ ಹೆಚ್ಚಿಸುತ್ತದೆ ಎಂದು ಕಂಡಾಗ ಕುಟುಂಬ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆಗುವವರೆಗೂ ಒಪ್ಪಿಗೆ ಇಬ್ಬರದ್ದೂ ಉಳಿದಿರಬೇಕು. ಮುಸ್ಲಿಮರ ವಿಚಾರದಲ್ಲಿ, ಹೆಂಡತಿ ಖುಲಾ (ಹೆಂಡತಿಯೇ ಬಯಸಿ ಪಡೆಯುವ ವಿಚ್ಛೇದನ) ಮೂಲಕ ನ್ಯಾಯಾಲಯದ ಹೊರಗೆ ಬಿಡುಗಡೆ ಪಡೆಯುವುದನ್ನು ಕೇರಳ ಹೈಕೋರ್ಟ್ 2021ರಲ್ಲಿ ಮಾನ್ಯ ಮಾಡಿ, ಹಾಗೆ ಆದದ್ದನ್ನು ಕುಟುಂಬ ನ್ಯಾಯಾಲಯ ದಾಖಲಿಸಬಹುದೆಂದಿತು. ಕ್ರೈಸ್ತರ ಜಂಟಿ ಅರ್ಜಿಗೆ ಇದ್ದ ಒಂದು ವರ್ಷ ಬೇರೆಯಾಗಿರಬೇಕೆಂಬ ನಿಬಂಧನೆಯನ್ನು ಅದೇ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ಹಿಂಸೆಯ ಪ್ರಶ್ನೆಗೆ ಬರುತ್ತೇನೆ. ಪ್ರಕರಣದ ಸ್ವರೂಪಕ್ಕೆ ಹೊಂದುವ ಮಟ್ಟಿಗೆ ಎಂದು 9ನೇ ಕಲಮು ಹೇಳಿರುವುದರ ತೂಕ ಇಲ್ಲಿದೆ. ಹೊಡೆಯುವವನನ್ನೂ ಹೊಡೆತ ತಿಂದವಳನ್ನೂ ಒಂದೇ ಮೇಜಿನ ಎದುರು ಕೂರಿಸಿ ಇಬ್ಬರೂ ಸ್ವಲ್ಪ ತಗ್ಗಿ ಎನ್ನುವುದು ಸಂಧಾನವಾಗುವುದಿಲ್ಲ. ಅಂಥವಳು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶವನ್ನೂ ವಾಸದ ಹಕ್ಕನ್ನೂ ಮೊದಲು ಪಡೆದು, ಆ ಬಲದ ಮೇಲೆ ಮಾತುಕತೆಗೆ ಬರಬೇಕು. ಬೇರೆ ಕೋಣೆಯಲ್ಲೇ ಕೂರುತ್ತೇನೆ ಎನ್ನಲು, ಒಂದಾಗುವ ಮಾತು ಬೇಡ, ಜೀವನಾಂಶದ ಮಾತಷ್ಟೇ ಇರಲಿ ಎನ್ನಲು ಅವಳು ಹಿಂಜರಿಯಬೇಕಾಗಿಲ್ಲ. ಗಂಡನ ಮೇಲೆ ಕ್ರೌರ್ಯದ ಕ್ರಿಮಿನಲ್ ಪ್ರಕರಣವಿದ್ದರೆ, ಕುಟುಂಬ ನ್ಯಾಯಾಲಯದ ರಾಜಿಯಿಂದ ಅದು ತಾನಾಗಿ ಮುಗಿಯುವುದಿಲ್ಲವೆಂಬುದನ್ನೂ ತಿಳಿದಿರಿ. ರಾಜಿಯ ಆಧಾರದಲ್ಲಿ ಅದನ್ನು ರದ್ದುಪಡಿಸುವ ಅಧಿಕಾರ ಹೈಕೋರ್ಟಿಗಿದೆ. ಪ್ರಕರಣ ದಾಖಲಾದದ್ದು ಇಲ್ಲಿಯಾದರೆ ಎರ್ನಾಕುಲಕ್ಕೆ, ದಕ್ಷಿಣ ಕನ್ನಡದಲ್ಲಾದರೆ ಬೆಂಗಳೂರಿಗೆ ಹೋಗಬೇಕು. ಕೊನೆಯ ಕಂತಿನ ಹಣವನ್ನು ಈ ರದ್ದತಿಯ ದಿನದೊಂದಿಗೆ ಜೋಡಿಸಿ ಬರೆದರೆ ಇಬ್ಬರಿಗೂ ಭದ್ರತೆ.

ವೆಚ್ಚದ ಬಗ್ಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿದರೆ ಸಾಕು.

ಒಪ್ಪಂದವಾದ ಮೇಲೆ ಏನು? ಅದು ಲಿಖಿತವಾಗಿ, ಇಬ್ಬರ ಸಹಿಯೊಂದಿಗೆ ನ್ಯಾಯಾಲಯದ ಮುಂದೆ ಬಂದು ಡಿಕ್ರಿಯಾದರೆ, ಒಪ್ಪಿ ಪಡೆದ ಆ ಡಿಕ್ರಿಯ ಮೇಲೆ ಅಪೀಲಿಲ್ಲ. ಷರತ್ತನ್ನು ಒಬ್ಬರು ಮುರಿದರೆ ಹೊಸ ದಾವೆ ಹೂಡಬೇಕಾಗಿಲ್ಲ, ಅದೇ ಡಿಕ್ರಿಯ ಜಾರಿಗೆ ಅರ್ಜಿ ಹಾಕಬಹುದು. ಆಸ್ತಿಯೋ ಸಂಬಳವೋ ಕರ್ನಾಟಕದಲ್ಲಿದ್ದರೆ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ಕಳುಹಿಸಿಕೊಡುವಂತೆ ಕೇಳಬೇಕು. ತಿಂಗಳ ಜೀವನಾಂಶದ ಆದೇಶವನ್ನು, ಕೊಡಬೇಕಾದವನು ಎಲ್ಲಿರುತ್ತಾನೋ ಅಲ್ಲಿ ಜಾರಿ ಮಾಡಿಸಬಹುದು. ಅದನ್ನು ವಸೂಲು ಮಾಡುವ ಅರ್ಜಿಯನ್ನು ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ನಾಳೆ ಕೊಟ್ಟಾನು, ಮುಂದಿನ ತಿಂಗಳು ಕೊಟ್ಟಾನು ಎಂದು ಕಾಯುತ್ತಾ ಆ ವರ್ಷವನ್ನು ಕಳೆದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದೇಶದ ನಕಲನ್ನು ಮನೆಯಲ್ಲಿಟ್ಟುಕೊಂಡು, ಹಣ ಬಂದ ತಿಂಗಳನ್ನೂ ಬಾರದ ತಿಂಗಳನ್ನೂ ಬರೆದಿಡಿ. ಮೂರು ತಿಂಗಳು ತಪ್ಪಿತೆಂದರೆ ನಾಲ್ಕನೆಯದಕ್ಕೆ ಕಾಯದೆ ವಕೀಲರನ್ನು ಕಾಣಿರಿ.